ಜಪಾನಿಗೆ ಹೋದ ಕನ್ನಡದ ಆನೆ

ಚಿಕ್ಕ ಮಕ್ಕಳಿಗೆ ಪರದೇಶವೊಂದರ ಸಂಸ್ಕೃತಿಯನ್ನು ಕಲಿಸುವುದು ಹೇಗೆ? ಮೇಲ್ನೋಟಕ್ಕೆ ಇದು ಸುಲಭದ ಕೆಲಸ. ಆ ದೇಶದ ಉಡುಗೆ, ಊಟ, ಹಬ್ಬ, ಬಾವುಟ ಇಷ್ಟನ್ನು ಹೇಳಿ, ಒಂದೆರಡು ಚಿತ್ರಗಳನ್ನು ಗೋಡೆಗೆ ಅಂಟಿಸಿದರೆ ಪಾಠ ಮುಗಿಯಿತೆಂದು ನಾನೂ ಬಹುಕಾಲ ನಂಬಿದ್ದೆ. ಮೂರನೆಯ ತರಗತಿಯ ಉಪಾಧ್ಯಾಯನಾಗಿ ಜಪಾನನ್ನು ಪರಿಚಯಿಸಲು ಹೊರಟ ವರ್ಷ ಆ ನಂಬಿಕೆ ಕಳಚಿ ಬಿತ್ತು.

ಅಂದು ಮಕ್ಕಳಿಂದ ಕಾಗದದ ಬೀಸಣಿಗೆಗಳನ್ನು ಮಾಡಿಸಿದೆ. ಕಿಮೋನೊ ತೊಟ್ಟ ಹೆಂಗಸಿನ ಚಿತ್ರ ತೋರಿಸಿದೆ. ಅಲ್ಲಿಯವರು ಅನ್ನವನ್ನು ಎರಡು ಕಡ್ಡಿಗಳಿಂದ ತಿನ್ನುವುದನ್ನು ಬೆರಗು ಹುಟ್ಟುವಂತೆ ವರ್ಣಿಸಿದೆ. ಪಾಠ ಕಳೆಗಟ್ಟಿತೆಂದು ನಾನು ಹಿಗ್ಗುತ್ತಿರುವಾಗಲೇ ಹಿಂದಿನ ಸಾಲಿನ ಹುಡುಗನೊಬ್ಬ ಕಣ್ಣಿನ ಕೊನೆಗಳನ್ನು ಬೆರಳುಗಳಿಂದ ಎಳೆದು ಅಣಕಿಸಿದ. ಇಡೀ ತರಗತಿ ಘೊಳ್ಳೆಂದು ನಕ್ಕಿತು. ಅವನನ್ನು ಗದರಿಸಿದೆನಾದರೂ ಮನೆಗೆ ನಡೆಯುವಾಗ ತಪ್ಪು ನನ್ನದೇ ಎನ್ನಿಸಿತು. ನಾನು ತೋರಿಸಿದ್ದು ಒಂದು ಗೊಂಬೆಯಾಟ. ಗೊಂಬೆಯನ್ನು ಕಂಡು ಮಕ್ಕಳು ನಗದೆ ಇನ್ನೇನು ಮಾಡಿಯಾರು?

ಮರುವಾರ ನಿಜವಾಗಿ ನಡೆದ ಕಥೆಯೊಂದನ್ನು ಹೇಳಿದೆ. 1943ರಲ್ಲಿ, ಯುದ್ಧದ ನಡುವೆ, ಬಾಂಬು ಬಿದ್ದರೆ ಮೃಗಗಳು ತಪ್ಪಿಸಿಕೊಂಡಾವೆಂಬ ಭಯದಿಂದ ಟೋಕಿಯೋದ ಉಯೆನೋ ಮೃಗಾಲಯದ ಅಪಾಯಕಾರಿ ಪ್ರಾಣಿಗಳನ್ನು ಕೊಲ್ಲಲು ಅಪ್ಪಣೆಯಾಯಿತು. ಅಲ್ಲಿದ್ದ ಮೂರು ಆನೆಗಳು ಮೇವಿಲ್ಲದೆ ಸತ್ತವು. ಯುದ್ಧ ಮುಗಿದ ಮೇಲೆ, ಆನೆಯನ್ನು ಕಾಣುವ ಹಂಬಲದಿಂದ ಅಲ್ಲಿಯ ಮಕ್ಕಳು ನಮ್ಮ ಪ್ರಧಾನಿ ನೆಹರೂ ಅವರಿಗೆ ಕಾಗದ ಬರೆದರು. 1949ರಲ್ಲಿ ನೆಹರೂ ಒಂದು ಆನೆಯನ್ನು ಕಳಿಸಿಕೊಟ್ಟರು. ಅದಕ್ಕಿಟ್ಟ ಹೆಸರು ಅವರ ಮಗಳದೇ: ಇಂದಿರಾ. ಆ ಆನೆ ಹೋದದ್ದು ನಮ್ಮ ಮೈಸೂರು ಸೀಮೆಯಿಂದ. ಅದಕ್ಕೆ ತಿಳಿಯುತ್ತಿದ್ದುದು ಕನ್ನಡದ ಮಾತು. ಜೊತೆಗೆ ಹೋದ ಮಾವುತರಿಂದ ಜಪಾನಿನ ಪಾಲಕರು ಆ ಮಾತುಗಳನ್ನು ಕಲಿಯಬೇಕಾಯಿತು. 1983ರಲ್ಲಿ ಇಂದಿರಾ ಅಲ್ಲಿಯೇ ತೀರಿಕೊಂಡಿತು.

ತರಗತಿ ಸ್ತಬ್ಧವಾಗಿತ್ತು. ಹುಡುಗಿಯೊಬ್ಬಳು ಕೇಳಿದಳು: "ಮಾವುತರು ವಾಪಸು ಬಂದ ಮೇಲೆ ಅದರ ಹತ್ತಿರ ಕನ್ನಡ ಯಾರು ಮಾತಾಡ್ತಿದ್ರು, ಸಾರ್?"

"ಜಪಾನಿನವರೇ" ಎಂದೆ. ಆ ಉತ್ತರ ಅವರಿಗೆ ಬಹಳ ಹಿಡಿಸಿತು.

ಅದರಿಂದಲೇ ಒಂದು ಆಟ ಹುಟ್ಟಿತು. ಒಬ್ಬ ಆನೆಯಾಗಬೇಕು, ಇನ್ನೊಬ್ಬ ಜಪಾನಿ ಭಾಷೆಯಲ್ಲಿಯೇ ಅದನ್ನು ನಡೆಸಬೇಕು. ಕುಳಿತುಕೋ ಎನ್ನಲು 'ಸುವತ್ತೆ', ಎದ್ದು ನಿಲ್ಲು ಎನ್ನಲು 'ತತ್ತೆ', ತಾಳು ಎನ್ನಲು 'ಮತ್ತೆ'. ಪಾಲಕ 'ಮತ್ತೆ, ಮತ್ತೆ' ಎಂದು ಕೂಗಿದಷ್ಟೂ ಕನ್ನಡದ ಆನೆ ಇನ್ನೊಂದು ಸುತ್ತು ಹಾಕುತ್ತಲೇ ಹೋಯಿತು! ಅಂದೂ ತರಗತಿ ನಕ್ಕಿತು. ಆದರೆ ಆ ನಗೆಗೆ ಗುರಿಯಾದವರು ಯಾರೂ ಇರಲಿಲ್ಲ.

ಆ ಊರಿನ ಮಕ್ಕಳು ಶಾಲೆಯಲ್ಲಿ ಏನೇನು ಮಾಡುತ್ತಾರೆಂಬ ಪ್ರಶ್ನೆ ತಾನಾಗಿಯೇ ಬಂತು. ಜಪಾನಿನ ಶಾಲೆಗಳಲ್ಲಿ ಮಕ್ಕಳೇ ತರಗತಿಯನ್ನೂ ಮೊಗಸಾಲೆಯನ್ನೂ ಗುಡಿಸಿ, ಬಟ್ಟೆಯಿಂದ ನೆಲ ಒರೆಸುತ್ತಾರೆ. ಸರದಿಯ ಪ್ರಕಾರ ಮಧ್ಯಾಹ್ನದ ಊಟವನ್ನೂ ಬಡಿಸುತ್ತಾರೆ. ನಾವೂ ಒಂದು ವಾರ ಹಾಗೆಯೇ ಗುಡಿಸಿ ಒರೆಸೋಣವೆಂದು ಸರದಿಯ ಪಟ್ಟಿ ಬರೆದು ಗೋಡೆಗೆ ಹಚ್ಚಿದೆ.

ಬರೆಯುವಾಗಲೇ ಒಂದು ಮಾತು ಹೊಳೆದು ಕೈ ತಡೆಯಿತು. ಅಲ್ಲಿಯವರೆಗೆ ನನ್ನ ತರಗತಿಯಲ್ಲಿ ಪೊರಕೆ ಹಿಡಿಯುತ್ತಿದ್ದವರು ಯಾವಾಗಲೂ ಅದೇ ಇಬ್ಬರು ಹುಡುಗಿಯರು. ಅವರೇ ಏಕೆ ಎಂದು ನಾನು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಕಾರಣ ಊರಿಗೆಲ್ಲ ಗೊತ್ತಿತ್ತು, ನನಗೂ ಗೊತ್ತಿತ್ತು. ಪಟ್ಟಿಯ ಮೊದಲಿಗೆ ನನ್ನ ಹೆಸರನ್ನು ಬರೆದುಕೊಂಡೆ.

ಎರಡನೆಯ ದಿನವೇ ಹುಡುಗನೊಬ್ಬನ ತಂದೆ ಬಂದರು. "ಪೊರಕೆ ಹಿಡಿಯೋಕೆ ನಾನು ಮಗನನ್ನು ಶಾಲೆಗೆ ಕಳಿಸ್ತಿಲ್ಲ, ಮೇಷ್ಟ್ರೇ" ಎಂದರು. "ನಿನ್ನೆ ನಾನೇ ಗುಡಿಸಿದ್ದೇನೆ, ಸ್ವಾಮಿ" ಎಂದೆ. ಅವರು ಉತ್ತರ ಹೇಳದೆ ಹೊರಟುಹೋದರು. ಹುಡುಗ ಎರಡು ದಿನ ಶಾಲೆಗೆ ಬರಲಿಲ್ಲ. ಮೂರನೆಯ ದಿನ ಬಂದವನು ತನ್ನ ಸರದಿಯಲ್ಲಿ ಪೊರಕೆಯನ್ನು ಮುಟ್ಟದೆ, ಒರೆಸುವ ಬಟ್ಟೆಯನ್ನು ನೀರಿಗದ್ದಿ ನೆಲಕ್ಕೆ ಮಂಡಿಯೂರಿದ. ಪೊರಕೆ ಹಿಡಿಯಕೂಡದೆಂದು ಅಪ್ಪ ಆಣೆ ಹಾಕಿಸಿಕೊಂಡಿದ್ದರಂತೆ. ಬಟ್ಟೆಯ ಮಾತು ಬಂದಿರಲಿಲ್ಲವಂತೆ!

ಪರದೇಶದ ಪಾಠದಿಂದ ಮಕ್ಕಳ ತಿಳಿವಳಿಕೆ ಹೆಚ್ಚುವುದೆಂದು ನಾವು ಹೇಳುತ್ತೇವೆ, ನಿಜ. ಆದರೆ ದೂರದ ಮನೆಯೊಂದರ ಬಾಗಿಲಲ್ಲಿ ನಿಂತು ಹಿಂದಿರುಗಿ ನೋಡಿದಾಗ ನಮ್ಮ ಮನೆಯ ಮೂಲೆಗಳೂ ಕಾಣುತ್ತವೆ. ಅಷ್ಟನ್ನು ನೋಡುವ ಧೈರ್ಯ ಉಪಾಧ್ಯಾಯನಿಗೆ ಮೊದಲು ಬೇಕು. ಒಂದು ವಾರಕ್ಕೆಂದು ಹಚ್ಚಿದ ಆ ಪಟ್ಟಿಯನ್ನು ನಾನು ಮತ್ತೆ ತೆಗೆಯಲಿಲ್ಲ. ಆ ಇಬ್ಬರು ಹುಡುಗಿಯರ ಹೆಸರೂ ಅದರಲ್ಲಿತ್ತು, ಎಲ್ಲರಂತೆ, ತಮ್ಮ ಸರದಿಗೆ ಒಮ್ಮೆ.