ಅಜ್ಜಿಯ ಕ್ರೋಶಾ ಕಡ್ಡಿ ಮತ್ತು ಹವಳದ ದಿಬ್ಬ

ನಮ್ಮ ಟೀಚರ್‌ಗಳನ್ನು ನಾವೆಲ್ಲ ಆಂಟಿ, ಅಂಕಲ್ ಎಂದೇ ಕರೆದು ಬೆಳೆದವರು. ಇವತ್ತೊಂದು ದಿನ ಗುರುಗಳೇ ಎನ್ನುತ್ತೇನೆ, ನಗಬೇಡಿ.

ವಿಷಯ ನೀನೇ ಆರಿಸಿಕೋ ಎಂದರು. ನಾನು ಆರಿಸಿಕೊಂಡದ್ದು ಈ ವರ್ಷವೆಲ್ಲ ನಮ್ಮ ಮನೆಯಲ್ಲಿ ನಡೆದ ಒಂದು ಚರ್ಚೆಯನ್ನು. ನಾನೀಗ ಹನ್ನೊಂದನೇ ತರಗತಿ. ಮುಂದಿನ ವರ್ಷ ಯೂನಿವರ್ಸಿಟಿಗೆ ಅರ್ಜಿ ಹಾಕಬೇಕು. ನನಗೆ ಗಣಿತ ಇಷ್ಟ, ಚಿತ್ರಕಲೆಯೂ ಅಷ್ಟೇ ಇಷ್ಟ. "ಚಿತ್ರ ಭಾನುವಾರ ಬಿಡಿಸಬಹುದಲ್ಲ ಪುಟ್ಟಿ" ಎನ್ನುತ್ತಾರೆ ಅಪ್ಪ. ಭಾನುವಾರ ಕನ್ನಡ ಶಾಲೆಗೆ ನೀವೇ ಕಳಿಸುತ್ತೀರಲ್ಲ ಎಂದು ನಾನು. ಇಲ್ಲಿರುವ ಎಷ್ಟೋ ಮನೆಗಳಲ್ಲಿ ಇದೇ ಮಾತು ನಡೆದಿದೆ ಎಂದು ನನಗೆ ಗೊತ್ತು. ಆದ್ದರಿಂದ ಇವತ್ತು ವಾದ ಮಾಡುವುದಿಲ್ಲ. ಒಂದು ನಿಜವಾದ ಕತೆ ಹೇಳುತ್ತೇನೆ.

ಒಂದು ಗೆರೆ, ಅದರ ಹೊರಗೆ ಒಂದು ಚುಕ್ಕಿ. ಆ ಚುಕ್ಕಿಯ ಮೂಲಕ ಮೊದಲನೆಯದಕ್ಕೆ ಸಮಾಂತರವಾಗಿ ಒಂದೇ ಒಂದು ಗೆರೆ ಎಳೆಯಬಹುದು ಎಂದು ಶಾಲೆಯಲ್ಲಿ ಕಲಿಯುತ್ತೇವೆ. 19ನೇ ಶತಮಾನದಲ್ಲಿ ಹಂಗೇರಿಯ ಬೋಯೈ ಮತ್ತು ರಷ್ಯದ ಲೊಬಚೆವ್‌ಸ್ಕಿ, ಎಷ್ಟು ಬೇಕಾದರೂ ಸಮಾಂತರ ಗೆರೆಗಳನ್ನು ಎಳೆಯಬಹುದಾದ ರೇಖಾಗಣಿತವೂ ಸಾಧ್ಯ ಎಂದು ತೋರಿಸಿದರು. ಅದಕ್ಕೆ ಹೈಪರ್ಬೋಲಿಕ್ ಎಂದು ಹೆಸರು. ಬರವಣಿಗೆಯಲ್ಲಿ ಎಲ್ಲ ಸರಿ, ಆದರೆ ಅಂಥ ಮೇಲ್ಮೈಯನ್ನು ಕೈಯಲ್ಲಿ ಹಿಡಿದು ನೋಡುವುದು ಹೇಗೆ? ಕಾಗದದ ಪಟ್ಟಿಗಳನ್ನು ಅಂಟಿಸಿ ಮಾಡುತ್ತಿದ್ದ ಮಾದರಿಗಳು ಬೇಗ ಹರಿದುಹೋಗುತ್ತಿದ್ದವು. 1997ರಲ್ಲಿ ಅಮೆರಿಕದ ಕಾರ್ನೆಲ್ ಯೂನಿವರ್ಸಿಟಿಯಲ್ಲಿದ್ದ, ಲಾಟ್ವಿಯಾ ದೇಶದ ಗಣಿತಜ್ಞೆ ಡೈನಾ ಟೈಮಿನ ಅದನ್ನು ಕ್ರೋಶಾದಲ್ಲಿ ಹೆಣೆದರು. ನಿಯಮ ತುಂಬ ಸುಲಭ. ಇಷ್ಟು ಕುಣಿಕೆಗೆ ಒಂದು ಹೆಚ್ಚಿಗೆ ಎಂದು ಲೆಕ್ಕ ಇಟ್ಟುಕೊಂಡು, ಪ್ರತಿ ಸಾಲಿನಲ್ಲೂ ಅದನ್ನು ತಪ್ಪಿಸದೆ ಹೋಗುವುದು. ಅಂಚು ಬೆಳೆಯುತ್ತದೆ, ಜಾಗ ಸಾಲುವುದಿಲ್ಲ, ನೆರಿಗೆ ನೆರಿಗೆಯಾಗಿ ಸುರುಳಿಕೊಳ್ಳುತ್ತದೆ. ಕೋಳಿಜುಟ್ಟು ಹೂವನ್ನು ನೆನಪು ಮಾಡಿಕೊಳ್ಳಿ, ಹಾಗೆ.

ಇದನ್ನು ಹಾಸನದಲ್ಲಿರುವ ನಮ್ಮ ಅಜ್ಜಿಗೆ ಫೋನಿನಲ್ಲಿ ಹೇಳಿದೆ. "ಕುಣಿಕೆ ಜಾಸ್ತಿಯಾದ್ರೆ ಟಿವಿ ಕವರು ಹಂಗೇ ಸುರುಳಿಕೊಳ್ಳುತ್ತೆ ಕಣೇ. ನಾನು ಬಿಚ್ಚಿ ಮತ್ತೆ ಹಾಕ್ತೀನಿ. ಅದಕ್ಕೆ ಗಣಿತ ಯಾಕೆ?" ಎಂದರು. ಗಣಿತಜ್ಞರು ಇಷ್ಟು ವರ್ಷ ಹುಡುಕಿದ ಮೇಲ್ಮೈಯನ್ನು ನಮ್ಮಜ್ಜಿ ಎಷ್ಟು ಸಲ ಬಿಚ್ಚಿ ಹಾಕಿದ್ದಾರೋ!

ಕತೆ ಇಲ್ಲಿಂದ ನಮ್ಮ ಊರಿಗೇ ಬರುತ್ತದೆ. ಮಾರ್ಗರೆಟ್ ಮತ್ತು ಕ್ರಿಸ್ಟೀನ್ ವರ್ಥೀಮ್ ನಮ್ಮ ಬ್ರಿಸ್ಬೇನ್‌ನಲ್ಲಿ ಬೆಳೆದ ಅವಳಿ ಅಕ್ಕತಂಗಿಯರು. ಮಾರ್ಗರೆಟ್ ಭೌತವಿಜ್ಞಾನ, ಗಣಿತ ಓದಿದ ವಿಜ್ಞಾನ ಲೇಖಕಿ. ಕ್ರಿಸ್ಟೀನ್ ಕಲಾವಿದೆ, ಕ್ಯಾಲಿಫೋರ್ನಿಯಾದ ಕ್ಯಾಲ್‌ಆರ್ಟ್ಸ್ ಎಂಬ ಕಲಾ ವಿದ್ಯಾಲಯದಲ್ಲಿ ಪಾಠ ಮಾಡಿದವರು. ಟೈಮಿನ ಅವರ ಹೆಣಿಗೆ ನೋಡಿದಾಗ ಅವರಿಗೆ ನೆನಪಾದದ್ದು ಗ್ರೇಟ್ ಬ್ಯಾರಿಯರ್ ರೀಫ್. ಹವಳಗಳಲ್ಲೂ ಇದೇ ನೆರಿಗೆ ಇದೆ, ಏಕೆಂದರೆ ನೆರಿಗೆ ಹೆಚ್ಚಿದಷ್ಟೂ ನೀರಿನಿಂದ ಆಹಾರ ಹಿಡಿಯುವ ಮೈ ಹೆಚ್ಚು. 2005ರಲ್ಲಿ ಲಾಸ್ ಏಂಜಲಿಸ್‌ನ ತಮ್ಮ ಮನೆಯಲ್ಲಿ ಇಬ್ಬರೂ ಉಲ್ಲನ್ನಿನಲ್ಲಿ ಹವಳದ ದಿಬ್ಬ ಹೆಣೆಯಲು ಕೂತರು. ನಿಯಮವನ್ನು ಸ್ವಲ್ಪ ಬದಲಿಸಿದರೆ ಹೊಸ ಆಕಾರ, ಇನ್ನೂ ಸ್ವಲ್ಪ ಬದಲಿಸಿದರೆ ಇನ್ನೊಂದು ಜಾತಿ. ಒಂದು ದಿಬ್ಬವನ್ನು ಪ್ಲಾಸ್ಟಿಕ್ ಚೀಲ ಮುಂತಾದ ಕಸದಿಂದಲೇ ಹೆಣೆದರು. ಬೇರೆ ಬೇರೆ ಊರಿನ ಹೆಂಗಸರು ತಮ್ಮ ಊರಿನ ದಿಬ್ಬ ಹೆಣೆಯತೊಡಗಿದರು. ಅದು 2019ರ ವೆನಿಸ್ ಬಿಯೆನಾಲೆ ಕಲಾ ಪ್ರದರ್ಶನದಲ್ಲಿ ಇತ್ತು. 2022ರಲ್ಲಿ ಜರ್ಮನಿಯ ಬಾಡೆನ್‌ಬಾಡೆನ್‌ನಲ್ಲಿ ಸುಮಾರು 4,000 ಜನ ಸೇರಿ 40,000ಕ್ಕೂ ಹೆಚ್ಚು ಹವಳ ಹೆಣೆದರು.

ಇದರಿಂದ ಸಮುದ್ರ ತಣ್ಣಗಾಯಿತೇ? ಇಲ್ಲ. ನೀರು ಬಿಸಿಯಾದರೆ ಹವಳ ತನಗೆ ಬಣ್ಣವನ್ನೂ ಆಹಾರವನ್ನೂ ಕೊಡುವ ಪಾಚಿಯನ್ನು ಹೊರಗೆ ಹಾಕಿ ಬೆಳ್ಳಗಾಗುತ್ತದೆ, ಬಿಸಿ ಇಳಿಯದಿದ್ದರೆ ಸಾಯುತ್ತದೆ. ನಮ್ಮ ರೀಫ್‌ನಲ್ಲಿ 2016, 2017ರಲ್ಲಿ ಎರಡು ವರ್ಷ ಒಂದರ ಹಿಂದೊಂದು ಹಾಗಾಯಿತು, ಮತ್ತೆ 2020, 2022, 2024ರಲ್ಲೂ ಆಯಿತು. ಕ್ರೋಶಾ ಅದನ್ನು ತಡೆಯಲಾರದು. ಅಂಗಡಿಯ ಅಕ್ರಿಲಿಕ್ ಉಲ್ಲನ್ ಕೂಡ ಪ್ಲಾಸ್ಟಿಕ್ಕೇ, ಅದನ್ನೂ ಹೇಳಿಬಿಡಬೇಕು. ಆದರೆ ಹವಳ ಎಷ್ಟು ನಿಧಾನವಾಗಿ ಬೆಳೆಯುತ್ತದೆ ಎಂದು ವಿಡಿಯೋ ನೋಡಿದಾಗ ನನಗೆ ತಿಳಿದಿರಲಿಲ್ಲ. ಒಂದು ಅಂಗೈ ಅಗಲ ಹೆಣೆಯಲು ಮೂರು ಸಂಜೆ ಕಳೆದ ಮೇಲೆ ಸ್ವಲ್ಪ ತಿಳಿಯಿತು.

ಇನ್ನೊಂದು ಮಾತು ತಾತನದು. ತಾತನಿಗೆ ಪಾರ್ಕಿನ್ಸನ್ ಕಾಯಿಲೆ. ಬಾಗಿಲ ಹತ್ತಿರ ಬಂದರೆ ಕಾಲು ನೆಲಕ್ಕೆ ಅಂಟಿದ ಹಾಗೆ ನಿಂತುಬಿಡುತ್ತಾರೆ. ಅಜ್ಜಿ ಪಕ್ಕದಲ್ಲಿ ತಾಳ ಹಾಕಿ "ಒಂದು, ಎರಡು" ಎಂದರೆ ಹೆಜ್ಜೆ ಕೀಳುತ್ತದೆ. ಇದನ್ನು ಅಜ್ಜಿಗೆ ಯಾರೂ ಹೇಳಿಕೊಟ್ಟಿಲ್ಲ. 2001ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಮಾರ್ಕ್ ಮಾರಿಸ್ ನೃತ್ಯ ತಂಡ ಈ ಕಾಯಿಲೆ ಇರುವವರಿಗೆಂದೇ ನೃತ್ಯ ತರಗತಿ ಶುರುಮಾಡಿತು. ನಮ್ಮ ಕ್ವೀನ್ಸ್‌ಲ್ಯಾಂಡ್ ಬ್ಯಾಲೆಯಲ್ಲೂ ಅಂಥ ತರಗತಿ ಬಂತು, ಇಲ್ಲಿನ ಕ್ಯೂಯುಟಿ ಯೂನಿವರ್ಸಿಟಿಯ ಸಂಶೋಧಕರು ಅದನ್ನು ಅಧ್ಯಯನ ಮಾಡಿದರು. ಕಾಯಿಲೆ ವಾಸಿಯಾಗುತ್ತದೆ ಎಂದು ಯಾರೂ ಹೇಳುವುದಿಲ್ಲ. ಆದರೆ ತಾಳಕ್ಕೆ ಹೇಗೆ ಹೆಜ್ಜೆ ಶುರುಮಾಡಬೇಕು ಎನ್ನುವುದು ನೃತ್ಯ ಕಲಿಸುವವರ ವಿದ್ಯೆ. ಆ ಕೋಣೆಯಲ್ಲಿ ಡಾಕ್ಟರಿಗೆ ಅವರಿಂದ ಕಲಿಯುವುದಿದೆ.

ಅಪ್ಪ, ಅಮ್ಮ, ನಾನು ಹೇಳಬೇಕೆಂದಿದ್ದು ಇದು. ಎಲ್ಲ ಸಂಶೋಧನೆ ಮುಗಿದ ಮೇಲೆ ಪೋಸ್ಟರ್ ಬರೆಯಲು ಕಲಾವಿದರನ್ನು ಕರೆಯುವುದು ಒಂದು ರೀತಿ. ಅದು ನನಗೆ ಬೇಡ. ಗಣಿತಕ್ಕೆ ಕ್ರೋಶಾ ಕಡ್ಡಿ ಬೇಕಾದ ಹಾಗೆ, ಕಲೆ ಇಲ್ಲದಿದ್ದರೆ ಕೆಲಸವೇ ಮುಂದೆ ಹೋಗದಂಥ ಜಾಗಗಳಿವೆ. ನಾನು ಅಲ್ಲಿ ಕೆಲಸ ಮಾಡಬೇಕು. ಇಲ್ಲಿನ ಯೂನಿವರ್ಸಿಟಿಗಳಲ್ಲಿ ಎರಡು ಡಿಗ್ರಿ ಒಟ್ಟಿಗೆ ಓದಬಹುದು. ನಮ್ಮ ಫ್ರಿಜ್ ಮೇಲೆ ಅಂಟಿಸಿರುವ ಪಟ್ಟಿಯಲ್ಲಿ ಮೊದಲ ಸಾಲಿಗೆ ಗಣಿತ ಮತ್ತು ಲಲಿತಕಲೆ ಎರಡನ್ನೂ ಬರೆದಿದ್ದೇನೆ. ಅಪ್ಪ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಾರೆ. ಪೆನ್ಸಿಲ್ ಆದ್ದರಿಂದ ನನಗೆ ಧೈರ್ಯ.

ಕೊನೆಗೆ ಒಂದು ಕೋರಿಕೆ. ಊರಿನಿಂದ ಮೂರು ತಿಂಗಳು, ಆರು ತಿಂಗಳಿಗೆಂದು ಬಂದ ಅಜ್ಜಿಯರು ಮನೆಯಲ್ಲಿ ಒಬ್ಬರೇ ಕೂತಿರುತ್ತಾರೆ, ಮಕ್ಕಳು ಇಲ್ಲಿ ಕನ್ನಡ ಮಾತಾಡಲು ಆಳು ಹುಡುಕುತ್ತಿರುತ್ತಾರೆ. ಮುಂದಿನ ಟರ್ಮ್‌ನಿಂದ ತರಗತಿ ಮುಗಿದ ಮೇಲೆ ಅರ್ಧ ಗಂಟೆ ಕ್ರೋಶಾ ಇಡೋಣ ಎಂದು ಗುರುಗಳು ಒಪ್ಪಿದ್ದಾರೆ. ಅಜ್ಜಿಯರು ಕನ್ನಡದಲ್ಲೇ ಹೇಳಿಕೊಡಲಿ, ಲೆಕ್ಕ ನಾನು ನೋಡಿಕೊಳ್ಳುತ್ತೇನೆ. ಹೊಸದೇನೂ ಕೊಳ್ಳಬೇಡಿ. ಮನೆಯಲ್ಲಿ ಉಳಿದ ಉಲ್ಲನ್, ಹಳೆಯ ದಾರ, ಯಾವ ಬಣ್ಣವಾದರೂ ಸರಿ, ಹೊರಗೆ ಕಾಫಿ ಮೇಜಿನ ಪಕ್ಕದಲ್ಲಿಟ್ಟಿರುವ ಡಬ್ಬಿಗೆ ಹಾಕಿ. ಕಡ್ಡಿ ನಾಲ್ಕೇ ಇವೆ, ನಿಮ್ಮಲ್ಲಿದ್ದರೆ ಅದನ್ನೂ ತನ್ನಿ.