ಒಂದೇ ಮನೆಯ ಐದು ಹೆಸರುಗಳು



ಇಂಗ್ಲೆಂಡಿನ ಬಹುಪಾಲು ಹಳ್ಳಿಗಳಲ್ಲಿ ಒಂದು ನೋಟ ಸಾಮಾನ್ಯ. ಚರ್ಚಿನ ಅಂಗಳದಲ್ಲೋ, ದಾರಿಗಳು ಕೂಡುವ ಕಡೆಯೋ ಒಂದು ಕಲ್ಲಿನ ಶಿಲುಬೆ; ಅದರ ಬುಡದಲ್ಲಿ ಕೆತ್ತಿದ ಹೆಸರುಗಳು. 1914ರಿಂದ 1918ರವರೆಗೆ ನಡೆದ ಮೊದಲ ಮಹಾಯುದ್ಧದಲ್ಲಿ ಮಡಿದ ಆ ಊರಿನ ಗಂಡಸರ ಹೆಸರುಗಳವು. ವೀರಗಲ್ಲುಗಳನ್ನು ನೋಡಿ ಬೆಳೆದ ನಮಗೆ ಇದು ತೀರ ಅಪರಿಚಿತ ಅನ್ನಿಸದು. ಆದರೆ ವೀರಗಲ್ಲಿನಲ್ಲಿ ಒಬ್ಬ ವೀರನ ಕಥೆ ಇರುತ್ತದೆ. ಇಲ್ಲಿ ಕಥೆಯಿಲ್ಲ, ಬರೀ ಪಟ್ಟಿ. ಒಂದೇ ಮನೆತನದ ಹೆಸರು ಎರಡು ಮೂರು ಸಲ ಬಂದಾಗ ಮಾತ್ರ ಓದುವವರ ಕಣ್ಣು ಅಲ್ಲಿ ನಿಲ್ಲುತ್ತದೆ. ಗ್ಲಾಸ್ಟರ್‌ಷೈರ್‌ನ ಗ್ರೇಟ್ ರಿಸ್ಸಿಂಗ್‌ಟನ್ ಎಂಬ ಸಣ್ಣ ಹಳ್ಳಿಯ ಮೃತರಲ್ಲಿ ‘ಸೋಲ್ಸ್’ ಎಂಬ ಮನೆತನದವರೇ ಐವರು. ಐವರೂ ಒಂದೇ ತಾಯಿಯ ಮಕ್ಕಳು.

ಈ ಐದು ಹೆಸರುಗಳನ್ನು ಮುಂದಿಟ್ಟುಕೊಂಡು ಇಂದು ಒಂದು ಪ್ರಶ್ನೆಯನ್ನು ಕೇಳಿಕೊಳ್ಳೋಣ. ಯುದ್ಧದಲ್ಲಿ ಮಗ ಮಡಿದರೆ ‘ದೇಶಕ್ಕೆ ಮಗನನ್ನು ಕೊಟ್ಟ ತಾಯಿ’ ಎಂದು ಹೇಳುವುದು ರೂಢಿ. ಇಂಗ್ಲಿಷಿನಲ್ಲೂ ಅದೇ ರೂಢಿಯಿದೆ. ಆಕೆ ನಿಜವಾಗಿಯೂ ಕೊಟ್ಟಳೇ?

ಮೊದಲು, ಹಳ್ಳಿಯ ಹುಡುಗರು ಸೈನ್ಯಕ್ಕೆ ಹೋದದ್ದು ಹೇಗೆ ಎಂಬುದನ್ನು ನೋಡೋಣ. ಯುದ್ಧ ಆರಂಭವಾದಾಗ ಬ್ರಿಟನ್ನಿನಲ್ಲಿ ಕಡ್ಡಾಯ ಸೈನ್ಯಸೇವೆ ಇರಲಿಲ್ಲ. 1914ರ ಆಗಸ್ಟ್‌ನಲ್ಲಿ ಯುದ್ಧಮಂತ್ರಿ ಲಾರ್ಡ್ ಕಿಚನರ್ ಒಂದು ಲಕ್ಷ ಸ್ವಯಂಸೇವಕರಿಗಾಗಿ ಕರೆ ಕೊಟ್ಟರು. ಕಡ್ಡಾಯ ಸೇವೆಯ ಕಾನೂನು ಬರುವ ವೇಳೆಗೆ ಸುಮಾರು 25 ಲಕ್ಷ ಜನ ತಾವಾಗಿಯೇ ಸೇರಿದ್ದರು. ಅದರಲ್ಲಿ ದೇಶಾಭಿಮಾನ ಇತ್ತು, ನಿಜ. ಆದರೆ ಅದೊಂದೇ ಅಲ್ಲ. ಆಗ ಹೊಲದ ಕೂಲಿಯಾಳಿಗೆ ವಾರಕ್ಕೆ ಸಿಗುತ್ತಿದ್ದದ್ದು ಸಾಮಾನ್ಯವಾಗಿ ಒಂದು ಪೌಂಡಿಗಿಂತ ಕಡಿಮೆ. ಸೈನ್ಯದಲ್ಲಿ ದಿನಕ್ಕೆ ಒಂದು ಷಿಲ್ಲಿಂಗ್ ಸಂಬಳ. ಜೊತೆಗೆ ಊಟ, ಬಟ್ಟೆ, ಬೂಟು. ಪಾದ್ರಿಯ ಉಪದೇಶ, ಜಮೀನುದಾರನ ಒತ್ತಾಯ, ಜೊತೆಗಾರರು ಹೊರಟರೆಂಬ ಹುರುಪು, ಹೊರಡದವನನ್ನು ಹೇಡಿ ಎನ್ನುವ ಊರಿನ ಬಾಯಿ ಇವೆಲ್ಲ ಕೂಡಿ ಕೆಲಸ ಮಾಡಿದವು. ಅಣ್ಣ ಹೋದ ಮೇಲೆ ತಮ್ಮ ಉಳಿಯುವುದು ಕಷ್ಟ.

ಕುಳ್ಳರಿಗೂ ಸೈನ್ಯ ಬಾಗಿಲು ತೆರೆಯಿತು. ಐದು ಅಡಿ ಮೂರು ಅಂಗುಲ ಎತ್ತರವಿಲ್ಲವೆಂದು ತಿರಸ್ಕೃತರಾದವರಿಗಾಗಿ 1914ರ ಕೊನೆಯಲ್ಲಿ ಚೆಷೈರ್‌ನ ಬರ್ಕನ್‌ಹೆಡ್‌ನಲ್ಲಿ ‘ಬ್ಯಾಂಟಮ್’, ಅಂದರೆ ಗಿಡ್ಡ ಹುಂಜ ಎಂಬ ಅಡ್ಡಹೆಸರಿನ ಬೆಟಾಲಿಯನ್‌ಗಳು ಹುಟ್ಟಿದವು. ಸೋಲ್ಸ್ ಸಹೋದರರಲ್ಲಿ ಫ್ರೆಡ್ ಮತ್ತು ಅವಳಿಗಳಾದ ಆಲ್‌ಫ್ರೆಡ್, ಆರ್ಥರ್ ಸೇರಿದ್ದು ಇಂಥದೊಂದು ಬೆಟಾಲಿಯನ್ನನ್ನೇ. ಆಲ್ಬರ್ಟ್ ಮತ್ತು ವಾಲ್ಟರ್ ಮೆಷಿನ್‌ಗನ್ ಪಡೆಯಲ್ಲಿದ್ದರು.

1916ರ ಮಾರ್ಚ್‌ನಲ್ಲಿ ಆಲ್ಬರ್ಟ್ ಸತ್ತ. ಜುಲೈನಲ್ಲಿ ಸಾಮ್ ಕದನದಲ್ಲಿ ಫ್ರೆಡ್ ಸತ್ತ. ಅವನ ದೇಹ ಸಿಗಲೇ ಇಲ್ಲ. ಎರಡು ವಾರಗಳ ಮೇಲೆ, ಆಗಸ್ಟ್ ಮೊದಲಲ್ಲಿ, ಗಾಯಗೊಂಡಿದ್ದ ವಾಲ್ಟರ್ ರುವಾನ್ ನಗರದ ಆಸ್ಪತ್ರೆಯಲ್ಲಿ ತೀರಿಕೊಂಡ. ಐದು ತಿಂಗಳೊಳಗೆ ಮೂವರು. ಆಮೇಲೆ ಸುಮಾರು ಇಪ್ಪತ್ತು ತಿಂಗಳು ಆ ಮನೆಗೆ ಸಾವಿನ ಸುದ್ದಿ ಬರಲಿಲ್ಲ. 1918ರ ವಸಂತದಲ್ಲಿ ಜರ್ಮನರು ಕೊನೆಯ ದೊಡ್ಡ ದಾಳಿಗೆ ಇಳಿದರು. ಏಪ್ರಿಲ್ 20ರಂದು ಆಲ್‌ಫ್ರೆಡ್ ಸತ್ತ. ಐದು ದಿನ ಕಳೆದು ಅವನ ಅವಳಿ ಆರ್ಥರ್ ಸತ್ತ. ಶೌರ್ಯಕ್ಕಾಗಿ ಅವನಿಗೆ ಮಿಲಿಟರಿ ಮೆಡಲ್ ದೊರೆತಿತ್ತು. ಯುದ್ಧ ಮುಗಿಯಲು ಇನ್ನು ಏಳು ತಿಂಗಳಷ್ಟೇ ಇತ್ತು.

ಇದು ಕೂಲಿಕಾರರ ಮನೆಗಳಿಗೆ ಮಾತ್ರ ಬಂದ ಸಂಕಟ ಎಂದು ಭಾವಿಸಬಾರದು. ಲಿಂಕನ್‌ಷೈರ್‌ನ ಫ್ರೀಸ್‌ಥಾರ್ಪ್ ಹಳ್ಳಿಯಲ್ಲಿ ಪಾದ್ರಿಯಾಗಿದ್ದ ಬೀಚಿ ಅವರಿಗೆ ಎಂಟು ಗಂಡುಮಕ್ಕಳು. 1912ರಲ್ಲಿ ತಂದೆ ತೀರಿಕೊಂಡರು. ಎಂಟು ಮಕ್ಕಳೂ ಯುದ್ಧಕ್ಕೆ ಹೋದರು, ಐವರು ಹಿಂದಿರುಗಲಿಲ್ಲ. ಬಾರ್ನಾರ್ಡ್ 1915ರಲ್ಲಿ ಲೂಸ್ ಕದನದಲ್ಲಿ, ಫ್ರಾಂಕ್ 1916ರಲ್ಲಿ ಸಾಮ್‌ನಲ್ಲಿ, ಆಸ್ಟ್ರೇಲಿಯಾ ಸೈನ್ಯದಲ್ಲಿದ್ದ ಹೆರಾಲ್ಡ್ 1917ರಲ್ಲಿ ಬುಲ್‌ಕೂರ್‌ನಲ್ಲಿ, ಅದೇ ವರ್ಷ ಚಾರ್ಲ್ಸ್ ಪೂರ್ವ ಆಫ್ರಿಕಾದಲ್ಲಿ, ಲೆನರ್ಡ್ ಫ್ರಾನ್ಸಿನ ಆಸ್ಪತ್ರೆಯಲ್ಲಿ. 1918ರಲ್ಲಿ ದೊರೆ ಐದನೆಯ ಜಾರ್ಜ್ ಮತ್ತು ರಾಣಿ ಮೇರಿ ಲಿಂಕನ್ ನಗರಕ್ಕೆ ಬಂದಾಗ ಈ ತಾಯಿ, ಏಮಿ ಬೀಚಿ, ಅವರನ್ನು ಭೇಟಿಯಾದಳು. ರಾಣಿ ಆಕೆಯ ತ್ಯಾಗವನ್ನು ಕೊಂಡಾಡಿದಾಗ, ಅದು ತ್ಯಾಗವಲ್ಲ, ತಾನು ಮಕ್ಕಳನ್ನು ಮನಸ್ಸಾರೆ ಕೊಟ್ಟವಳಲ್ಲ ಎಂದು ಆಕೆ ಉತ್ತರಿಸಿದಳೆಂದು ಹೇಳಿಕೊಂಡು ಬಂದಿದ್ದಾರೆ.

ನಮ್ಮ ಪ್ರಶ್ನೆಗೆ ಆ ತಾಯಿಯೇ ಉತ್ತರ ಹೇಳಿದ್ದಾಳೆ. ಹೊರಟವರು ಮಕ್ಕಳು. ತಾಯಿಯ ಒಪ್ಪಿಗೆಯನ್ನು ಕೇಳಿದವರು ಯಾರೂ ಇರಲಿಲ್ಲ. 1916ರ ಜನವರಿಯಲ್ಲಿ ಕಡ್ಡಾಯ ಸೇವೆಯ ಕಾನೂನು ಬಂದ ಮೇಲೆ ಮಕ್ಕಳ ಒಪ್ಪಿಗೆಯೂ ಬೇಕಾಗಲಿಲ್ಲ. ವಿನಾಯಿತಿ ಕೇಳಲು ಸ್ಥಳೀಯ ನ್ಯಾಯಮಂಡಲಿಗಳಿದ್ದವು. ದೇಶಕ್ಕೆ ಅಗತ್ಯವಾದ ಕೆಲಸ, ಸಂಸಾರದ ತೀವ್ರ ಕಷ್ಟ, ಅನಾರೋಗ್ಯ, ಯುದ್ಧ ಪಾಪವೆಂಬ ನಂಬಿಕೆ ಇವು ವಿನಾಯಿತಿಗೆ ಕಾರಣಗಳಾಗಬಹುದಿತ್ತು. ಆದರೆ ಒಂದು ಮನೆ ಇಷ್ಟು ಮಕ್ಕಳನ್ನು ಕಳೆದುಕೊಂಡರೆ ಮಿಕ್ಕವನು ತಾನಾಗಿ ಮನೆಗೆ ಮರಳಲಿ ಎಂಬ ನಿಯಮ ಇರಲಿಲ್ಲ. ಡರಮ್ ಪ್ರಾಂತದ ಬರ್ನಾರ್ಡ್ ಕಾಸಲ್ ಪೇಟೆಯ ಸ್ಮಿತ್ ಎಂಬ ಕುಟುಂಬದ ಆರು ಮಕ್ಕಳಲ್ಲಿ ಐವರು ಸತ್ತಾಗ ಪಾದ್ರಿಯ ಹೆಂಡತಿ ರಾಣಿಗೆ ಪತ್ರ ಬರೆದಳು. ಆರನೆಯವನನ್ನು ಮನೆಗೆ ಕಳುಹಿಸಿದರು. ಒಳ್ಳೆಯದೇ ಆಯಿತು. ಆದರೆ ಅದು ಕೃಪೆ, ಹಕ್ಕಲ್ಲ. ಪತ್ರ ಬರೆಯುವವರು ಇಲ್ಲದ ಮನೆಯ ಗತಿಯೇನು?

ಸತ್ತ ಮೇಲೆ ಸರ್ಕಾರ ಗೌರವಿಸಿತು. ಪ್ರತಿಯೊಬ್ಬ ಮೃತನ ಹೆಸರು ಕೆತ್ತಿದ, ಅಂಗೈಗಿಂತ ಸ್ವಲ್ಪ ಅಗಲವಾದ ಕಂಚಿನ ಬಿಲ್ಲೆಯನ್ನು ಅವನ ಮನೆಯವರಿಗೆ ಕೊಟ್ಟಿತು. ಇಂಥ ಬಿಲ್ಲೆಗಳು 13 ಲಕ್ಷಕ್ಕೂ ಮಿಗಿಲಾಗಿ ತಯಾರಾದವು. ಜನ ಅದನ್ನು ‘ಸತ್ತವನ ಪೆನ್ನಿ’ ಎಂದು ಕರೆದರು. ಬಳಕೆಯ ತಾಮ್ರದ ಕಾಸಿಗೆ ಹೋಲಿಸಿ ಇಟ್ಟ ಹೆಸರದು. ದೇಹಗಳನ್ನು ಮಾತ್ರ ಊರಿಗೆ ತರಗೊಡಲಿಲ್ಲ. ಹಣವಂತರು ತಮ್ಮವರನ್ನು ತರಿಸಿಕೊಂಡು ಬಡವರು ಕೈಕಟ್ಟಿ ಕೂರುವಂತಾಗಬಾರದು ಎಂಬ ಸಮಾನತೆಯ ವಿಚಾರ ಅದರ ಹಿಂದಿತ್ತು. 1917ರಲ್ಲಿ ಸ್ಥಾಪನೆಯಾದ ಯುದ್ಧ ಸಮಾಧಿ ಆಯೋಗ ದಳಪತಿಗೂ ಸಿಪಾಯಿಗೂ ಒಂದೇ ಬಗೆಯ ಕಲ್ಲು ನೆಟ್ಟಿತು. ದೇಹ ಸಿಗದ ಫ್ರೆಡ್ ಸೋಲ್ಸ್‌ನ ಹೆಸರು, 1932ರಲ್ಲಿ ಉದ್ಘಾಟನೆಯಾದ ಫ್ರಾನ್ಸಿನ ಥಿಯೆಪ್ವಾಲ್ ಸ್ಮಾರಕದಲ್ಲಿ 72,000ಕ್ಕೂ ಹೆಚ್ಚು ಹೆಸರುಗಳ ನಡುವೆ ಇದೆ. ಊರಿನ ಶಿಲುಬೆಗೆ ಇಷ್ಟೊಂದು ಮಹತ್ವ ಬಂದದ್ದು ಇದರಿಂದಲೇ. ಹೂವಿಡಲು ತಾಯಿಗೆ ಹತ್ತಿರದಲ್ಲಿ ಇದ್ದದ್ದು ಅದೊಂದೇ ಕಲ್ಲು.

ಕೊನೆಯದಾಗಿ ಒಂದು ಹೋಲಿಕೆ. ಗ್ರೇಟ್ ರಿಸ್ಸಿಂಗ್‌ಟನ್‌ನಿಂದ ಕೆಲವೇ ಮೈಲಿ ದೂರದಲ್ಲಿ ಅಪ್ಪರ್ ಸ್ಲಾಟರ್ ಎಂಬ ಹಳ್ಳಿಯಿದೆ. ಅಲ್ಲಿಂದ ಯುದ್ಧಕ್ಕೆ ಹೋದವರೆಲ್ಲ ಜೀವಂತವಾಗಿ ಮರಳಿದರು. ಎರಡನೆಯ ಮಹಾಯುದ್ಧದಲ್ಲೂ ಹಾಗೆಯೇ ಆಯಿತು. ಇಂಥ ಊರುಗಳನ್ನು 1930ರ ದಶಕದಲ್ಲಿ ಆರ್ಥರ್ ಮೀ ಎಂಬ ಲೇಖಕ ‘ಕೃತಜ್ಞ ಹಳ್ಳಿಗಳು’ ಎಂದು ಕರೆದ. ಮೊದಲ ಯುದ್ಧದ ಲೆಕ್ಕದಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಸಾವಿರಾರು ಹಳ್ಳಿಗಳ ನಡುವೆ ಇಂಥವು ಐವತ್ತರ ಆಸುಪಾಸು ಮಾತ್ರ. ಅಪ್ಪರ್ ಸ್ಲಾಟರ್‌ನ ಹುಡುಗರು ಕಡಿಮೆ ಧೈರ್ಯವಂತರಾಗಿದ್ದರೇ? ಅಲ್ಲಿನ ತಾಯಂದಿರ ದೇಶಭಕ್ತಿ ಕಡಿಮೆಯಾಗಿತ್ತೇ? ಖಂಡಿತ ಇಲ್ಲ. ಎರಡೂ ಊರಿನವರು ಒಂದೇ ಕರೆಗೆ ಓಗೊಟ್ಟು ಹೋದರು. ಯಾವ ತುಕಡಿ, ಯಾವ ಕಂದಕ, ಯಾವ ದಿನ ಎಂಬುದು ಅವರ ಕೈಯಲ್ಲಿರಲಿಲ್ಲ.

ಬ್ರಿಟನ್ ಆ ಯುದ್ಧದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಜನರನ್ನು ಕಳೆದುಕೊಂಡಿತು. ಸರ್ಕಾರಕ್ಕೆ ತಲೆ ಎಣಿಸುವುದು ಅನಿವಾರ್ಯ. ಆದರೆ ಏಳು ಲಕ್ಷದಲ್ಲಿ ಐದು ಎಂದರೆ ಏನೂ ಅಲ್ಲ. ಒಂದು ಮನೆಯಲ್ಲಿ ಐದು ಎಂದರೆ ಆ ಮನೆಯೇ. ಗ್ರೇಟ್ ರಿಸ್ಸಿಂಗ್‌ಟನ್‌ನ ಚರ್ಚಿನಲ್ಲಿ ಈ ಐವರು ಸಹೋದರರ ಭಾವಚಿತ್ರಗಳನ್ನು ಒಟ್ಟಿಗೆ ಇಟ್ಟಿದ್ದಾರೆ. ಊರು ತಲೆ ಎಣಿಸದೆ ಮನೆ ಎಣಿಸಿದ ರೀತಿ ಅದು. ಮಡಿದವರನ್ನು ಗೌರವಿಸೋಣ. ಆದರೆ ಕಳೆದುಕೊಂಡವರನ್ನು ‘ಕೊಟ್ಟವರು’ ಎಂದು ಕರೆಯುವ ಮುಂಚೆ, ಅವರನ್ನು ಯಾರಾದರೂ ಕೇಳಿದ್ದರೇ ಎಂದು ಒಮ್ಮೆ ವಿಚಾರಿಸೋಣ.