ಗಡಸು ನೀರು: ಮನೆಯ ಉಪಕರಣಗಳ ಹಾನಿ ಮತ್ತು ಗ್ರಾಮ ಪಂಚಾಯಿತಿಯ ಹೊಣೆ

(ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಉಪನ್ಯಾಸದ ಪಠ್ಯ)



ನಳದಲ್ಲಿ ನೀರು ಬರುತ್ತದೆಯೇ ಎಂಬುದು ಬಹುಕಾಲ ಗ್ರಾಮಸಭೆಯ ಮೊದಲ ಪ್ರಶ್ನೆಯಾಗಿತ್ತು. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಪ್ರತಿ ವ್ಯಕ್ತಿಗೆ ದಿನಕ್ಕೆ 55 ಲೀಟರ್ ನೀರು ಮನೆಗೇ ತಲುಪಬೇಕೆಂಬ ಗುರಿಯನ್ನಿರಿಸಿತು. ನೀರು ಮನೆಯೊಳಗೆ ಬಂದಂತೆ ಎರಡನೆಯ ಪ್ರಶ್ನೆಯೂ ಬಂದಿದೆ: ಬಂದ ನೀರು ಎಂತಹುದು? ಗೀಸರ್ ಕೆಟ್ಟಿತು, ಕೂಲರ್ ಕಟ್ಟಿಕೊಂಡಿತು, ಬೇಳೆ ಬೇಯುತ್ತಿಲ್ಲ ಎಂಬ ದೂರುಗಳ ಹಿಂದೆ ಅನೇಕ ವೇಳೆ ಇರುವುದು ಗಡಸು ನೀರು.

ರಾಯಚೂರು ಜಿಲ್ಲೆಯ ಬಹುಭಾಗ ಗ್ರಾನೈಟ್ ಮತ್ತು ನೈಸ್ ಶಿಲೆಗಳ ನೆಲ. ಮಳೆನೀರು ಮಣ್ಣಿನಲ್ಲಿಳಿಯುವಾಗ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಸ್ವಲ್ಪ ಆಮ್ಲೀಯವಾಗುತ್ತದೆ. ಶಿಲೆಯ ಬಿರುಕುಗಳಲ್ಲಿ ದೀರ್ಘಕಾಲ ನಿಂತು ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಕರಗಿಸಿಕೊಳ್ಳುತ್ತದೆ. ಕೊಳವೆಬಾವಿಯ ನೀರು ಗಡಸಾಗುವುದು ಹೀಗೆ. ಭಾರತೀಯ ಮಾನಕ ಐಎಸ್ 10500 ಪ್ರಕಾರ ಕುಡಿಯುವ ನೀರಿನ ಒಟ್ಟು ಗಡಸುತನ ಲೀಟರಿಗೆ 200 ಮಿಲಿಗ್ರಾಂ ಇದ್ದರೆ ಸ್ವೀಕಾರಾರ್ಹ. ಬೇರೆ ಜಲಮೂಲವಿಲ್ಲದಿದ್ದರೆ 600 ಮಿಲಿಗ್ರಾಂವರೆಗೆ ಅನುಮತಿಯುಂಟು.

ಈ ಅಂಕಿಯ ಅರ್ಥವನ್ನು ಒಂದು ಮನೆಯ ಲೆಕ್ಕದಿಂದ ತಿಳಿಯಬಹುದು. ಐದು ಜನರ ಕುಟುಂಬ ದಿನಕ್ಕೆ 275 ಲೀಟರ್ ಬಳಸುತ್ತದೆ. ಗಡಸುತನ 600 ಮಿಲಿಗ್ರಾಂ ಇದ್ದರೆ ಆ ನೀರಿನೊಂದಿಗೆ ದಿನಕ್ಕೆ 165 ಗ್ರಾಂ, ವರ್ಷಕ್ಕೆ ಸುಮಾರು 60 ಕಿಲೋ ಸುಣ್ಣದಂಶ ಮನೆಯನ್ನು ಹೊಕ್ಕು ಹೋಗುತ್ತದೆ. ಬಹುಪಾಲು ಚರಂಡಿಗೆ ಹರಿದುಹೋದರೂ, ನೀರು ಕಾಯುವ ಮತ್ತು ಆರುವ ಕಡೆಗಳಲ್ಲಿ ಒಂದು ಪಾಲು ಉಳಿದುಬಿಡುತ್ತದೆ.

ನೀರು ಕಾದಾಗ ಅದರಲ್ಲಿನ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕರಗದ ಕಾರ್ಬೊನೇಟ್ ಆಗಿ, ಕಾಯಿಲ್‌ನ ಮೇಲೆ ಬಿಳಿ ಪೊರೆಯಾಗಿ ಕೂಡುತ್ತದೆ. ಈ ಪೊರೆ ಶಾಖವನ್ನು ಸರಿಯಾಗಿ ದಾಟಗೊಡುವುದಿಲ್ಲ. ನೀರು ನಿಧಾನವಾಗಿ ಕಾಯುತ್ತದೆ, ವಿದ್ಯುತ್ ಹೆಚ್ಚು ವ್ಯಯವಾಗುತ್ತದೆ, ಒಳಗಿನ ಕಾಯಿಲ್ ಅತಿಯಾಗಿ ಬಿಸಿಯೇರಿ ಸುಡುತ್ತದೆ. ಬಕೆಟ್‌ನಲ್ಲಿ ಇಳಿಬಿಡುವ ಹೀಟರ್‌ನ ಹೊರಕವಚ ಹೀಗೆ ಬಿರಿದರೆ ವಿದ್ಯುತ್ ನೀರಿಗೇ ಹರಿಯಬಹುದು. ಇದು ಜೀವಕ್ಕೆ ಅಪಾಯ. ಪ್ಲಗ್ ಕಿತ್ತ ನಂತರವೇ ನೀರು ಮುಟ್ಟಬೇಕೆಂಬ ತಿಳಿವಳಿಕೆ ಪ್ರತಿ ಮನೆಗೂ ತಲುಪಬೇಕು. ಇದೇ ಜಿಲ್ಲೆಯ ಶಕ್ತಿನಗರದಲ್ಲಿರುವಂತಹ ಶಾಖೋತ್ಪನ್ನ ವಿದ್ಯುತ್ ಕೇಂದ್ರಗಳು ಬಾಯ್ಲರ್‌ಗೆ ಖನಿಜಾಂಶ ತೆಗೆದ ನೀರನ್ನೇ ಬಳಸುವುದು ಈ ಪೊರೆಯ ಭಯದಿಂದಲೇ.

ಏರ್ ಕೂಲರ್‌ನಲ್ಲಿ ನೀರು ಆವಿಯಾಗುತ್ತದೆ, ಲವಣ ಅಲ್ಲಿಯೇ ಉಳಿಯುತ್ತದೆ. ಹಳೆಯ ನೀರಿನ ಮೇಲೆ ಹೊಸ ನೀರು ಸುರಿದಂತೆಲ್ಲ ತೊಟ್ಟಿಯ ನೀರು ಇನ್ನಷ್ಟು ಗಡಸಾಗಿ ಪ್ಯಾಡು, ಪಂಪುಗಳನ್ನು ಕಟ್ಟಿಹಾಕುತ್ತದೆ. ವಾಷಿಂಗ್ ಮಷಿನ್‌ನಲ್ಲಿ ಸಾಬೂನು ನೊರೆಗಟ್ಟದೆ ಜಿಗುಟಾಗಿ ಬಟ್ಟೆಗೆ ಅಂಟುತ್ತದೆ. ಸೋಲಾರ್ ಹೀಟರ್‌ನ ಕೊಳವೆಗಳೂ ಕ್ರಮೇಣ ಕಿರಿದಾಗುತ್ತವೆ.

ಪೋತ್ನಾಳ ಹಾಗೂ ಮಾನ್ವಿ ಭಾಗದ ಊರುಗಳಿಗೆ ಇದರಲ್ಲಿ ವಿಶೇಷ ತೊಡಕಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗದ ಈ ಪ್ರದೇಶದಲ್ಲಿ ಕಾಲುವೆ ಹರಿಯುವಾಗ ಮೆದು ನೀರು ಸಿಗಬಲ್ಲದು. ಬೇಸಿಗೆಯಲ್ಲಿ ಕಾಲುವೆ ನಿಂತಾಗ ಕೊಳವೆಬಾವಿಯ ಮೇಲಿನ ಅವಲಂಬನೆ ಹೆಚ್ಚುತ್ತದೆ. ಕೂಲರ್‌ಗಳು ಹಗಲಿರುಳು ತಿರುಗುವುದೂ ಅದೇ ತಿಂಗಳುಗಳಲ್ಲಿ. ಆದ್ದರಿಂದ ಕಾಲುವೆ ನಿಲ್ಲುವ ಮುನ್ನ ಕುಡಿಯುವ ನೀರಿನ ಕೆರೆ ತುಂಬಿಸಿಕೊಳ್ಳುವ ಕಾರ್ಯ ಉಪಕರಣಗಳ ರಕ್ಷಣೆಯೂ ಹೌದು. 100 ಮಿಲಿಗ್ರಾಂ ಗಡಸುತನದ ನೀರನ್ನು 600 ಮಿಲಿಗ್ರಾಂ ನೀರಿಗೆ ಸಮನಾಗಿ ಬೆರೆಸಿದರೆ ಗಡಸುತನ 350ಕ್ಕೆ ಇಳಿಯುತ್ತದೆ. ಆದರೆ ಕಾಲುವೆ ನೀರನ್ನು ಸೋಸಿ, ಕ್ಲೋರಿನ್ ಬೆರೆಸದೆ ನಳಕ್ಕೆ ಬಿಡತಕ್ಕದ್ದಲ್ಲ.

ಕೆಲವು ತಪ್ಪು ಕಲ್ಪನೆಗಳನ್ನೂ ನಿವಾರಿಸಬೇಕಿದೆ. ಬ್ಲೀಚಿಂಗ್ ಪೌಡರ್ ರೋಗಾಣುಗಳನ್ನು ಕೊಲ್ಲುತ್ತದೆ, ಗಡಸುತನವನ್ನು ತೆಗೆಯುವುದಿಲ್ಲ. ಟಿಡಿಎಸ್ ಮೀಟರ್ ಕರಗಿದ ಎಲ್ಲ ಲವಣಗಳ ಅಂದಾಜು ಕೊಡುತ್ತದೆ, ಗಡಸುತನವನ್ನು ಪ್ರತ್ಯೇಕವಾಗಿ ತೋರಿಸದು. ಎಲ್ಲಕ್ಕಿಂತ ಮುಖ್ಯವಾಗಿ, ಗಡಸುತನಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಆರೋಗ್ಯಾಧಾರಿತ ಮಿತಿಯನ್ನು ನಿಗದಿಪಡಿಸಿಲ್ಲ. ಆದರೆ ಜಿಲ್ಲೆಯ ಹಲವೆಡೆ ಕಂಡುಬರುವ ಫ್ಲೋರೈಡ್ 1.5 ಮಿಲಿಗ್ರಾಂ ಮೀರಿದರೆ ಹಲ್ಲು, ಮೂಳೆಗಳಿಗೆ ಹಾನಿ. ಫ್ಲೋರೈಡ್ ಪಾತ್ರೆಯಲ್ಲಿ ಬಿಳಿ ಪೊರೆ ಕಟ್ಟುವುದಿಲ್ಲ, ರುಚಿಯಿಂದಲೂ ತಿಳಿಯದು. ಕಣ್ಣಿಗೆ ಕಾಣುವ ದೂರಿನ ಗದ್ದಲದಲ್ಲಿ ಕಾಣದ ಅಪಾಯ ಮರೆಯಾಗಬಾರದು.

ಪಂಚಾಯಿತಿ ಕೈಗೊಳ್ಳಬಹುದಾದ ಕ್ರಮಗಳು:

1. ಪ್ರತಿ ಜಲಮೂಲದ ರಾಸಾಯನಿಕ ಪರೀಕ್ಷೆಯನ್ನು ವರ್ಷಕ್ಕೆ ಕನಿಷ್ಠ ಒಮ್ಮೆ ಮಾಡಿಸಿ, ಗಡಸುತನ ಮತ್ತು ಫ್ಲೋರೈಡ್ ಅಂಕಿಗಳನ್ನು ನೀರಿನ ಟ್ಯಾಂಕಿನ ಮೇಲೆ ಬರೆಸುವುದು.

2. ಕ್ಷೇತ್ರ ಪರೀಕ್ಷಾ ಕಿಟ್ ಬಳಕೆಯಲ್ಲಿ ತರಬೇತಿ ಪಡೆದ ಮಹಿಳೆಯರ ವರದಿಯನ್ನು ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯ ಸಭೆಯಲ್ಲಿ ಓದಿಸುವುದು.

3. ಊರಿನ ಕೊಳವೆಬಾವಿಗಳಲ್ಲಿ ಕಡಿಮೆ ಗಡಸಿನ, ಫ್ಲೋರೈಡ್ ಮಿತಿಯೊಳಗಿರುವ ಮೂಲವನ್ನು ನಳಕ್ಕೆ ಮೊದಲು ಜೋಡಿಸುವುದು.

4. ಶುದ್ಧ ಕುಡಿಯುವ ನೀರಿನ ಘಟಕವನ್ನು ಸುಸ್ಥಿತಿಯಲ್ಲಿಡುವುದು. ಕುಡಿಯಲು, ಅಡುಗೆಗೆ ಒಬ್ಬರಿಗೆ ದಿನಕ್ಕೆ 8ರಿಂದ 10 ಲೀಟರ್ ಸಾಕು. ಬಟ್ಟೆ, ಸ್ನಾನಕ್ಕೆಲ್ಲ ಆ ನೀರು ಅನಗತ್ಯ. ಘಟಕ ಹೊರಬಿಡುವ ನೀರು ಮೊದಲಿನದಕ್ಕಿಂತ ಗಡಸು; ಅದನ್ನು ಬಾವಿಗೆ, ಕೊಳವೆಬಾವಿಗೆ ಇಂಗಿಸಬಾರದು.

5. ಮನೆಗಳಿಗೆ ಸರಳ ಸೂಚನೆ ನೀಡುವುದು: ಗೀಸರ್ ಉಷ್ಣತೆ 50ರಿಂದ 55 ಡಿಗ್ರಿಯಲ್ಲಿರಲಿ, ಕೂಲರ್ ತೊಟ್ಟಿಯನ್ನು ವಾರಕ್ಕೊಮ್ಮೆ ಪೂರ್ತಿ ಬಸಿದು ತೊಳೆಯಲಿ, ಬಕೆಟ್ ಹೀಟರ್‌ನ ಪೊರೆಯನ್ನು ಚಾಕುವಿನಿಂದ ಕೆರೆಯದೆ, ಪ್ಲಗ್ ಕಿತ್ತು ಆರಿದ ನಂತರ ಲಿಂಬೆರಸ ಅಥವಾ ವಿನೆಗರ್ ಬೆರೆತ ನೀರಿನಲ್ಲಿ ನೆನೆಯಿಟ್ಟು ತೆಗೆಯಲಿ, ಇನ್ವರ್ಟರ್ ಬ್ಯಾಟರಿಗೆ ನಳದ ನೀರು ಹಾಕದೆ ಬಟ್ಟಿಯಿಳಿಸಿದ ನೀರನ್ನೇ ಹಾಕಲಿ.

ಸಾಲ ಮಾಡಿ ಕೊಂಡ ಗೀಸರ್ ಎರಡೇ ಬೇಸಿಗೆಯಲ್ಲಿ ಕೆಟ್ಟರೆ ಆ ನಷ್ಟ ಪಂಚಾಯಿತಿಯ ಯಾವ ಲೆಕ್ಕಪುಸ್ತಕದಲ್ಲೂ ದಾಖಲಾಗುವುದಿಲ್ಲ. ಕುಟುಂಬವೇ ಅದನ್ನು ಭರಿಸುತ್ತದೆ. ನೀರಿನ ಅಂಕಿಯನ್ನು ಮೊದಲೇ ತಿಳಿಸಿದರೆ ಯಾವ ಉಪಕರಣ ಕೊಳ್ಳಬೇಕು, ಅದನ್ನು ಹೇಗೆ ಕಾಯ್ದುಕೊಳ್ಳಬೇಕು ಎಂಬುದನ್ನು ಜನರೇ ನಿರ್ಧರಿಸುವರು. ನೀರು ಕೊಡುವುದರ ಜೊತೆಗೆ ಆ ನೀರಿನ ಗುಣವನ್ನು ತಿಳಿಸುವುದೂ ಪಂಚಾಯಿತಿಯ ಕರ್ತವ್ಯವೆಂದು ಸದಸ್ಯರು ಭಾವಿಸತಕ್ಕದ್ದು.